ಪಟೇಲ್ ಶಾಟ್, ಸಂಘಂ ಶಾಟ್: ಕ್ಯಾಮೆರಾದ ಅಳತೆ ಮತ್ತು ನಮ್ಮ ಮುಖಗಳು

ಸಿನಿಮಾದ ಎದುರು ನಿಂತಾಗಲೆಲ್ಲ ದಲಿತ ವಿಮರ್ಶೆ ಮೊದಲು ಕೇಳುವುದು ಕಥೆಯ ಪ್ರಶ್ನೆ. ಈ ಕಥೆ ಯಾರದು? ಹೇಳುತ್ತಿರುವವರು ಯಾರು? ಸಹಾನುಭೂತಿ ಎಲ್ಲಿ ಮುಗಿಯುತ್ತದೆ, ಸ್ವಾನುಭವ ಎಲ್ಲಿ ಶುರುವಾಗುತ್ತದೆ? ‘ಚೋಮನ ದುಡಿ’ (1975) ಚಿತ್ರದ ಮಾತು ಬಂದರೂ ನಾವು ಜಗಳವಾಡುವುದು ಚೋಮನ ಪಾತ್ರದ ಬಗ್ಗೆಯೇ. ಈ ಪ್ರಶ್ನೆಗಳು ಹಳಸಿದವು ಎಂದು ನಾನು ಹೇಳುತ್ತಿಲ್ಲ. ಆದರೆ ಕಥೆ ಶುರುವಾಗುವ ಮೊದಲೇ ಒಂದು ತೀರ್ಮಾನ ನಡೆದುಹೋಗಿರುತ್ತದೆ. ಕ್ಯಾಮೆರಾದ ಐರಿಸ್ ಎಷ್ಟು ತೆರೆದಿದೆ, ಶಟರ್ ಎಷ್ಟಿದೆ, ಬಿಳಿ ಬಣ್ಣ ಅಂದರೆ ಯಾವುದು ಅಂತ ಅದಕ್ಕೆ ಹೇಳಿಕೊಟ್ಟಿದ್ದೇವೆ, ಅದನ್ನು ಎಷ್ಟು ಎತ್ತರದಲ್ಲಿ ಇಟ್ಟಿದ್ದೇವೆ, ಇವೆಲ್ಲ ಸೇರಿ ಆ ತೀರ್ಮಾನ ಆಗುತ್ತದೆ. ‘ಅದೆಲ್ಲ ಟೆಕ್ನಿಕಲ್ ವಿಷಯ, ಕ್ಯಾಮೆರಾದವನು ನೋಡ್ಕೋತಾನೆ’ ಎಂದು ನಮ್ಮ ವಿಮರ್ಶೆ ಅದನ್ನು ಹೊರಗಿಟ್ಟಿದೆ. ಹೊರಗಿಡುವುದರ ರಾಜಕಾರಣ ಏನೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಳತೆಯಿಂದಲೇ ಶುರು ಮಾಡೋಣ. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಮನುಷ್ಯರು ಕಾಣುವುದಿಲ್ಲ, ಕಾಣುವುದು ಸರಾಸರಿ. ಎದುರಿಗಿರುವುದೆಲ್ಲ ಸೇರಿ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಮರಳಿಸುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಕಟ್ಟಲಾಗಿದೆ. ಸುಣ್ಣ ಬಳಿದ ಗೋಡೆಯ ಮುಂದೆ ಕಪ್ಪು ಮೈಬಣ್ಣದ ಅವ್ವನೊಬ್ಬಳನ್ನು ಕೂರಿಸಿ ‘ಆಟೋ’ ಒತ್ತಿ ನೋಡಿ. ಮೀಟರು ಗೋಡೆಯನ್ನು ನೋಡುತ್ತದೆ. ಬೆಳಕು ಜಾಸ್ತಿ ಆಯಿತು ಅಂತ ಐರಿಸ್ ಮುಚ್ಚುತ್ತದೆ. ಗೋಡೆ ಸರಿಹೋಗುತ್ತದೆ, ಅವ್ವನ ಮುಖ ಮಸಿಯಾಗುತ್ತದೆ. ಇಲ್ಲಿ ಯಂತ್ರ ಕೆಟ್ಟಿಲ್ಲ. ತನಗೆ ಕಲಿಸಿದ್ದನ್ನು ಅದು ನಿಯತ್ತಾಗಿ ಮಾಡಿದೆ.

ಈ ಕಲಿಸುವಿಕೆಗೆ ಒಂದು ಚರಿತ್ರೆ ಇದೆ. 1950ರ ದಶಕದಿಂದ ಅಮೆರಿಕದ ಕೊಡಕ್ ಕಂಪನಿ ಫೋಟೋ ಮುದ್ರಿಸುವ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿದ್ದವಳು ಒಬ್ಬ ಬಿಳಿಯ ಹೆಣ್ಣುಮಗಳು. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ‘ಶರ್ಲಿ ಕಾರ್ಡ್’ ಎಂದೇ ಹೆಸರಾಯಿತು. ಅವಳ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿಯಾಗಿದೆ ಎಂದರ್ಥ. ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಕೂತ ಶಾಲೆಯ ಫೋಟೋಗಳಲ್ಲಿ ಕಪ್ಪು ಮಗುವಿನ ಹಲ್ಲು ಮತ್ತು ಕಣ್ಣು ಮಾತ್ರ ಉಳಿಯುತ್ತಿದ್ದವು. ತಾಯಂದಿರು ದೂರಿದರು. ಆದರೆ ಕಂಪನಿಯನ್ನು ಕಂದು ಬಣ್ಣದ ಛಾಯೆಗಳತ್ತ ತಿರುಗಿಸಿದ್ದು ಮರದ ಪೀಠೋಪಕರಣ ಮತ್ತು ಚಾಕೊಲೇಟ್ ಮಾರುವವರ ದೂರು. ತಮ್ಮ ಜಾಹೀರಾತುಗಳಲ್ಲಿ ಮರದ ಬಗೆಗಳು, ಚಾಕೊಲೇಟಿನ ಬಗೆಗಳು ಬೇರೆಬೇರೆಯಾಗಿ ಕಾಣುತ್ತಿಲ್ಲ ಎಂಬುದು ಅವರ ತಕರಾರು. ಮೇಜಿನ ಕಂದು ಕಾಣಲಿ ಅಂತ ಫಿಲ್ಮಿನ ರಸಾಯನ ತಿದ್ದಿದರು. ಅದರ ಉಪಕಾರ ಮನುಷ್ಯರಿಗೂ ದಕ್ಕಿತು. ಬೇರೆಬೇರೆ ಮೈಬಣ್ಣದ ಹೆಣ್ಣುಮಕ್ಕಳಿದ್ದ ಮಾದರಿ ಕಾರ್ಡು ಬಂದದ್ದು 1990ರ ದಶಕದಲ್ಲಿ.

ಇದರ ಇನ್ನೊಂದು ಮುಖ ದಕ್ಷಿಣ ಆಫ್ರಿಕದ್ದು. ಪೊಲರಾಯ್ಡ್ ಕಂಪನಿಯ ‘ಐಡಿ-2’ ಎಂಬ ಕ್ಯಾಮೆರಾದಲ್ಲಿ ಫ್ಲಾಶಿನ ಬೆಳಕು ಹೆಚ್ಚಿಸುವ ಒಂದು ಗುಂಡಿ ಇತ್ತು. ಆ ಕಂಪನಿಯ ಸರಕಿನಿಂದಲೇ ಅಲ್ಲಿನ ವರ್ಣಭೇದ ಸರ್ಕಾರ ಕಪ್ಪು ಜನರ ಪಾಸ್‌ಬುಕ್ಕಿಗೆ ಫೋಟೋ ತೆಗೆಯುತ್ತಿತ್ತು. 1970ರಲ್ಲಿ ಕಂಪನಿಯ ಕಪ್ಪು ನೌಕರರಾದ ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಇದನ್ನು ಕಂಡುಹಿಡಿದು ಚಳವಳಿ ಹೂಡಿದರು. 1977ರಲ್ಲಿ ಕಂಪನಿ ಆ ದೇಶ ಬಿಟ್ಟಿತು. ಮದುವೆ ಮನೆಯಲ್ಲಿ, ಶಾಲೆಯಲ್ಲಿ ಕಪ್ಪು ಮುಖ ಕಾಣದಿದ್ದರೂ ನಡೆಯುತ್ತದೆ, ಪೊಲೀಸರ ಕಡತದಲ್ಲಿ ಮಾತ್ರ ಸ್ಪಷ್ಟವಾಗಿ ಕಾಣಬೇಕು! ನಮ್ಮ ಕೇರಿಗಳ ಎಷ್ಟೋ ಹಿರಿಯರ ಏಕೈಕ ಫೋಟೋ ಮತದಾರರ ಗುರುತಿನ ಚೀಟಿಯದು ಎಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು.

ಒಂದು ಎಚ್ಚರಿಕೆ ಬೇಕು. ಕರಿಯರ ಚರಿತ್ರೆಯನ್ನು ಹಾಗೆಹಾಗೇ ತಂದು ನಮ್ಮ ಮೇಲೆ ಹೊದಿಸಲಾಗದು. ಜಾತಿ ಅಂದರೆ ಬಣ್ಣ ಅಲ್ಲ. ಕಪ್ಪಗಿರುವ ಬ್ರಾಹ್ಮಣರಿದ್ದಾರೆ, ಕೆಂಪಗಿರುವ ಹೊಲೆಯರಿದ್ದಾರೆ. ಆದರೆ ಬೆಳಕಿಗೂ ಜಾತಿಗೂ ಸಂಬಂಧ ಬೇರೆ ದಾರಿಯಲ್ಲಿ ಬೆಸೆದುಕೊಂಡಿದೆ. ಉರಿಬಿಸಿಲಿನಲ್ಲಿ ದುಡಿಯುವವರು ಯಾರು, ಕಿಟಕಿಯಿಲ್ಲದ ಗುಡಿಸಲಲ್ಲಿ ಬಾಳಿದವರು ಯಾರು, ಬೀದಿದೀಪ ಕೊನೆಗೆ ಬಂದದ್ದು ಯಾವ ಬೀದಿಗೆ? ವಿಡಿಯೋ ಕ್ಯಾಮೆರಾಕ್ಕೆ ಬೆಳಕು ಸಾಲದಾದಾಗ ‘ಗೇನ್’ ಏರಿಸುತ್ತೇವೆ. ಆಗ ಚಿತ್ರದ ತುಂಬ ಇರುವೆ ಹರಿದಂತೆ ಕಾಳುಕಾಳು. ಟೀವಿಯವರು ಇದಕ್ಕೆ ‘ಕ್ವಾಲಿಟಿ ಇಲ್ಲ’ ಅನ್ನುತ್ತಾರೆ. ಹಾಗೆ ತಿರಸ್ಕೃತವಾಗುವುದು ಚಿತ್ರ ಮಾತ್ರವಲ್ಲ, ಆ ಮನೆಯ ಕತ್ತಲೆಯ ಸಾಕ್ಷ್ಯವೂ ಹೌದು.

ಇನ್ನು ಪರದೆಯ ಮೇಲೆ ಮುಖ ಕಾಣಿಸಿಕೊಳ್ಳುವುದೇ ಅಪರಾಧವಾಗಿದ್ದ ಕಾಲ. ಮಲಯಾಳದ ಮೊದಲ ಚಿತ್ರ, ಜೆ.ಸಿ. ಡೇನಿಯಲ್ ಅವರ ‘ವಿಗತಕುಮಾರನ್’ 1920ರ ದಶಕದ ಕೊನೆಗೆ ತಯಾರಾಯಿತು. ಅದರಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ್ದು ದಲಿತ ಹೆಣ್ಣುಮಗಳು ಪಿ.ಕೆ. ರೋಸಿ. ಮೇಲ್ಜಾತಿಯವರು ರೊಚ್ಚಿಗೆದ್ದರು, ಆಕೆ ಊರು ಬಿಟ್ಟು ಓಡಿಹೋಗಬೇಕಾಯಿತು. ಆ ಚಿತ್ರವೂ ಈಗ ಉಳಿದಿಲ್ಲ. ನಮ್ಮ ದೃಶ್ಯ ಚರಿತ್ರೆ ಶುರುವಾಗುವುದು ಹೀಗೆ ಕಳೆದುಹೋದ ಒಂದು ರೀಲಿನಿಂದ.

ಫಿಲ್ಮು ಇದ್ದಷ್ಟು ಕಾಲ ಕ್ಯಾಮೆರಾ ದುಡ್ಡಿದ್ದವರ ಸೊತ್ತಾಗಿತ್ತು. 16 ಎಂ.ಎಂ.ನ 400 ಅಡಿ ರೋಲು ಓಡುವುದು ಬರೀ 11 ನಿಮಿಷ. ತೆಗೆದದ್ದನ್ನು ನೋಡಬೇಕಾದರೆ ಲ್ಯಾಬಿಗೆ ಕಳಿಸಬೇಕು, ಕಾಯಬೇಕು, ಮತ್ತೆ ದುಡ್ಡು ಸುರಿಯಬೇಕು. 1995ರಲ್ಲಿ ಡಿಜಿಟಲ್ ವಿಡಿಯೋ, ಅಂದರೆ ಡಿವಿ ಬಂತು. ಆ ವರ್ಷವೇ ಬಂದ ಸೋನಿಯ ವಿಎಕ್ಸ್ 1000 ಕ್ಯಾಮೆರಾದಲ್ಲಿ ಮೂರು ಸಿಸಿಡಿ ಇದ್ದವು, ಒಂದು ಪುಟ್ಟ ಕ್ಯಾಸೆಟ್ಟಿನಲ್ಲಿ 60 ನಿಮಿಷ ಹಿಡಿಯುತ್ತಿತ್ತು, ಒಂದು ತಂತಿ ಸಿಕ್ಕಿಸಿದರೆ ಚಿತ್ರ ಮಾಸದೆ ಕಂಪ್ಯೂಟರಿಗೆ ಇಳಿಯುತ್ತಿತ್ತು. 2002ರಲ್ಲಿ ಪ್ಯಾನಾಸೋನಿಕ್ ಡಿವಿಎಕ್ಸ್ 100, 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2, ಆಮೇಲೆ ಫೋನು. ಒಂಟಿಯಾಗಿ ಚಿತ್ರ ಮಾಡುವವರ ಚರಿತ್ರೆಯ ಮೈಲಿಗಲ್ಲುಗಳಿವು.

ಆದರೆ ಅಗ್ಗದ ಯಂತ್ರ ತನ್ನ ಹೊಟ್ಟೆಯಲ್ಲಿ ಹಳೆಯ ಅಳತೆಯನ್ನೇ ಹೊತ್ತು ತಂದಿತು. ಡಿವಿಗೆ ಫಿಲ್ಮಿನಷ್ಟು ಬೆಳಕಿನ ಹರವು ತಾಳುವ ಶಕ್ತಿ ಇರಲಿಲ್ಲ. ಆಕಾಶ ಉಳಿಸಿದರೆ ಮುಖ ಹೋಗುತ್ತದೆ, ಮುಖ ಉಳಿಸಿದರೆ ಆಕಾಶ ಸುಟ್ಟು ಬೆಳ್ಳಗಾಗುತ್ತದೆ. ವ್ಯೂಫೈಂಡರಿನಲ್ಲಿ ಬೆಳಕಿನ ಮಟ್ಟ ತೋರಿಸುವ ಜೀಬ್ರಾ ಪಟ್ಟಿಗಳಿರುತ್ತವೆ. ಮುಖದ ಹೊಳಪಿನ ಭಾಗದಲ್ಲಿ 70ರ ಪಟ್ಟಿ ಮೂಡಬೇಕು ಎಂಬುದು ಕೈಪಿಡಿಗಳ ಪಾಠ. ಅದು ಬಿಳಿ ಚರ್ಮದ ಲೆಕ್ಕ. ನಮ್ಮ ಮುಖಗಳು ಅದಕ್ಕಿಂತ ಕೆಳಗೇ ಸಹಜವಾಗಿ ಕೂರುತ್ತವೆ. 70ಕ್ಕೆ ಎಳೆದರೆ ಕಪ್ಪು ಮುಖ ಬೂದಿ ಬಳಿದಂತಾಗುತ್ತದೆ, ಗೋಡೆಗೆ ಅಳೆದರೆ ಮಸಿಯಾಗುತ್ತದೆ. ಆ ಎರಡರ ನಡುವೆ, ಕಣ್ಣಿನಿಂದ ನೋಡಿ, ಕೈಯಿಂದ ಐರಿಸ್ ತಿರುಗಿಸಿ ಒಂದು ಜಾಗ ಹುಡುಕಬೇಕು. ಶಟರ್ ಕೂಡ ಹಾಗೆಯೇ. ನಮ್ಮ ಕರೆಂಟು 50 ಹರ್ಟ್ಸಿನದು, ಅದಕ್ಕೆ 1/50 ಹೊಂದುತ್ತದೆ. ಅಮೆರಿಕದ ಪಾಠ ನೋಡಿ 1/60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣುಕುತ್ತದೆ. ‘ಮ್ಯಾನುಯಲ್’ ಅನ್ನುವುದು ಬರೀ ಒಂದು ಗುಂಡಿಯ ಹೆಸರಲ್ಲ ಎಂದು ಇದಕ್ಕೇ ಹೇಳುವುದು.

ನಾನು ಪಾಠ ಮಾಡುವ ಕಾಲೇಜಿನ ಹಾಸ್ಟೆಲ್ ಹುಡುಗರ ಜೊತೆ ಒಂದು ಕಿರುಚಿತ್ರ ಮಾಡುವಾಗ, ಚೆನ್ನಾಗಿ ಮಾತಾಡುವ ಹುಡುಗನೊಬ್ಬ ಕ್ಯಾಮೆರಾ ಮುಂದೆ ಕೂರಲು ಒಪ್ಪಲಿಲ್ಲ. ‘ನನ್ ಮುಖ ಬ್ಯಾಡ ಸಾ, ಕಪ್ಗೆ ಬತ್ತದೆ. ಇವ್ನುನ್ನ ಕೂರ್ಸಿ’ ಅಂದ. ಬೇರೆಯವನನ್ನು ಕೂರಿಸಲಿಲ್ಲ. ಅವನ ಹಿಂದಿದ್ದ ಕಿಟಕಿಗೆ ಕಂಬಳಿ ಕಟ್ಟಿ, ಆಟೋ ತೆಗೆದು, ಐರಿಸ್ ಎರಡು ಸ್ಟಾಪ್ ತೆರೆದು ತೋರಿಸಿದೆವು. ಅವನು ಸುಮಾರು ಹೊತ್ತು ತನ್ನನ್ನೇ ನೋಡಿಕೊಂಡ. ಆಮೇಲೆ ಅಂದ: ‘ಅಂಗಾರೆ ಇಷ್ಟ್ ದಿನ ನಾನ್ ಕಪ್ಗಿರ್ಲಿಲ್ಲ, ಅದು ತೆಗ್ದವ್ರು ಮುಚ್ಚಿದ್ರು.’ ಈ ಮಾತಿಗಿಂತ ದೊಡ್ಡ ಥಿಯರಿಯನ್ನು ನಾನು ಎಂ.ಎ.ಯಲ್ಲಿ ಓದಲಿಲ್ಲ.

ಬೆಳಕಿನ ಪ್ರಶ್ನೆಯ ಜೊತೆಗೇ ಎತ್ತರದ ಪ್ರಶ್ನೆ ಇದೆ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ಬೀದರಿನ ಮಗ್ಗುಲಲ್ಲೇ ಇದ್ದಾರೆ. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದರ ಸಂಘಗಳ ಹೆಂಗಸರಲ್ಲಿ ಬಹುಪಾಲು ದಲಿತರು, ಕೂಲಿ ಮಾಡಿ ಬೇಸಾಯ ಕಟ್ಟಿಕೊಂಡವರು. 1998ರಿಂದ ಅವರಲ್ಲಿ ಕೆಲವರು ವಿಡಿಯೋ ಕಲಿತರು. ಅಕ್ಷರ ಬಾರದವರೂ ಅವರಲ್ಲಿದ್ದರು. ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ (2023ರಲ್ಲಿ ತೀರಿಕೊಂಡರು) ಮೈಸೂರಿನವರು, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. ವಿಡಿಯೋ ಅಂದರೆ ಅಕ್ಷರವನ್ನು ಕಾಯದೆ ಮಾತಾಡುವ ದಾರಿ ಎಂಬುದು ಅವರ ವಾದವಾಗಿತ್ತು. ಹುಮ್ನಾಪುರದ ಲಕ್ಷ್ಮಮ್ಮ, ಚಿನ್ನ ನರಸಮ್ಮ ಮೊದಲಾದವರ ತಂಡ ವಾರಂಗಲ್ಲಿನ ಬಿಟಿ ಹತ್ತಿ ರೈತರ ಪಾಡನ್ನು ಹಿಂಬಾಲಿಸಿ 2003ರಲ್ಲಿ ಚಿತ್ರ ಮಾಡಿತು.

ಆ ಹೆಂಗಸರು ಕ್ಯಾಮೆರಾದ ಕೋನಗಳಿಗೆ ತಮ್ಮದೇ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಕ್ಕೆ ನೋಡಿದರೆ ‘ಪಟೇಲ್ ಶಾಟ್’. ಜಮೀನ್ದಾರ ನಮ್ಮನ್ನು ನೋಡುವುದು ಹಾಗೆಯೇ ಅಲ್ಲವೆ? ಕೆಳಗಿನಿಂದ ಮೇಲಕ್ಕೆ ನೋಡಿದರೆ ಅದು ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮನಾಗಿ ನೋಡಿದರೆ ‘ಸಂಘಂ ಶಾಟ್’, ಯಾಕೆಂದರೆ ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ. ಸಿನಿಮಾ ಶಾಲೆಗಳು ‘ಹೈ ಆಂಗಲ್, ಲೋ ಆಂಗಲ್’ ಎಂದು ಜಾತಿಯಿಲ್ಲದ ಜ್ಯಾಮಿತಿಯಾಗಿ ಕಲಿಸಿದ್ದನ್ನು ಇವರು ತಮ್ಮ ಬೆನ್ನಿನ ಬಾಗಿನಿಂದ ಮರುನಾಮಕರಣ ಮಾಡಿದರು. ಕಲಿಸಿದವರು ಹೊರಗಿನವರೇ ಇರಬಹುದು, ಹೆಸರು ಕೊಟ್ಟವರು ಇವರು. ದಲಿತ ಸೌಂದರ್ಯಮೀಮಾಂಸೆ ಎಲ್ಲಿದೆ ಎಂದು ಕೇಳುವ ಪಂಡಿತರಿಗೆ ನಾನು ಈ ಮೂರು ಶಬ್ದಗಳನ್ನು ತೋರಿಸುತ್ತೇನೆ.

ಮೂರನೆಯದು ಕಾಲದ ಪ್ರಶ್ನೆ. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದನ್ನು ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನು ಕೊಂದರು. ಕೆಲವೇ ದಿನಗಳಲ್ಲಿ ಹಾಡುಗಾರ ವಿಲಾಸ್ ಘೋಗ್ರೆ ಆ ನೋವಿನಲ್ಲಿ ಪ್ರಾಣ ಕಳೆದುಕೊಂಡರು. ಅವರನ್ನು ಮೊದಲೇ ಚಿತ್ರಿಸಿದ್ದ ಆನಂದ್ ಪಟವರ್ಧನ್ ಅಲ್ಲಿಂದ ಶುರುಮಾಡಿ 14 ವರ್ಷ ಹಿಂಬಾಲಿಸಿ ‘ಜೈ ಭೀಮ್ ಕಾಮ್ರೇಡ್’ (2011) ಮುಗಿಸಿದರು. ಮೂರು ಗಂಟೆ ಮೀರಿದ ಚಿತ್ರ ಅದು. 11 ನಿಮಿಷಕ್ಕೊಮ್ಮೆ ದುಡ್ಡು ಕೇಳುವ ರೋಲಿನಲ್ಲಿ ಇಷ್ಟು ವರ್ಷ ಕಾಯುವುದು ಕಷ್ಟವಿತ್ತು. ಒಂದು ಹಾಡು ಮುಗಿಯುವವರೆಗೆ ಕತ್ತರಿಸದೆ ಕೇಳುವ ತಾಳ್ಮೆಯನ್ನು ವಿಡಿಯೋ ಸಾಧ್ಯಮಾಡಿತು. ಪಟವರ್ಧನ್ ದಲಿತರಲ್ಲ ಎಂಬ ಮಾತು ಇಲ್ಲಿ ಬರಲೇಬೇಕು, ಬರಲಿ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಎಷ್ಟು ಹೊತ್ತು ಕಾಯಿತು ಎಂಬುದನ್ನೂ ಸಾಕ್ಷಿಗೆ ಕರೆಯಬೇಕು.

ಕೊನೆಯದು ಹಿನ್ನೆಲೆ. 2008ರ ನಂತರದ ದೊಡ್ಡ ಸೆನ್ಸರಿನ ಕ್ಯಾಮೆರಾಗಳು ಒಂದು ಹೊಸ ಚಟ ತಂದವು. ಐರಿಸ್ ಪೂರ್ತಿ ತೆರೆದು ಮುಖವೊಂದನ್ನೇ ಚೂಪಾಗಿಟ್ಟು ಹಿಂದಿನದೆಲ್ಲವನ್ನೂ ಬೆಣ್ಣೆಯಂತೆ ಕರಗಿಸುವುದು. ನೋಡಲು ಚೆಂದ. ಆದರೆ ಜಾತಿ ಇರುವುದು ಮುಖದಲ್ಲಲ್ಲ, ಜಾಗದಲ್ಲಿ. ಕೇರಿ ಎಲ್ಲಿದೆ, ಬೋರ್‌ವೆಲ್ ಎಲ್ಲಿದೆ, ಗುಡಿಯಿಂದ ಎಷ್ಟು ದೂರ ಎಂಬುದನ್ನು ಕರಗಿಸಿಬಿಟ್ಟರೆ ಉಳಿಯುವುದು ಜಾತಿಯಿಲ್ಲದ ಒಂದು ದುಃಖಿ ಮುಖ, ಅಷ್ಟೆ. ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಫಂಡ್ರಿ’ಯಲ್ಲಿ (2013) ಹಂದಿ ಹಿಡಿದ ಕುಟುಂಬ ಅದನ್ನು ಹೊತ್ತುಕೊಂಡು ಗೋಡೆಯೊಂದನ್ನು ದಾಟಿ ಹೋಗುತ್ತದೆ. ಆ ಗೋಡೆಯ ಮೇಲೆ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಮೊದಲಾದವರ ಚಿತ್ರಗಳು. ಗೋಡೆ ಮಸುಕಾಗಿದ್ದರೆ ಆ ದೃಶ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹಿನ್ನೆಲೆಯನ್ನು ಚೂಪಾಗಿಡುವುದು ಅಲ್ಲಿ ಒಂದು ನಿಲುವು.

ಹಾಗಂತ ಗುಂಡಿ ತಿರುಗಿಸಿದರೆ ವಿಮೋಚನೆ ಬರುತ್ತದೆ ಎಂಬ ಭ್ರಮೆ ನನಗಿಲ್ಲ. ಮಲ ಹೊರುವವರ ಬದುಕಿನ ಬಗ್ಗೆ ದಿವ್ಯಾ ಭಾರತಿ ತಮಿಳಿನಲ್ಲಿ ‘ಕಕ್ಕೂಸ್’ (2017) ಮಾಡಿದಾಗ ಅದರ ಪ್ರದರ್ಶನಗಳಿಗೆ ಪೊಲೀಸರೇ ಅಡ್ಡ ಬಂದರು. ಚಿತ್ರ ತೆಗೆಯುವುದು ಅಗ್ಗವಾಗಿದೆ, ತೋರಿಸುವುದು ಆಗಿಲ್ಲ. ಚೆನ್ನಾಗಿ ಬೆಳಕು ಬಿದ್ದ ಬಡತನವೂ ಪಟೇಲನ ಮನೆಯ ಗೋಡೆಗೆ ಒಳ್ಳೆಯ ಕ್ಯಾಲೆಂಡರ್ ಆಗಬಲ್ಲದು. ಇವತ್ತಿನ ಫೋನುಗಳಂತೂ ಕೇಳದೆಯೇ ಮುಖವನ್ನು ನುಣುಪುಮಾಡಿ, ಒಂದಿಷ್ಟು ಬೆಳ್ಳಗೂ ಮಾಡಿ ಕೊಡುತ್ತವೆ. ಶರ್ಲಿ ಕಾರ್ಡು ಈಗ ಲ್ಯಾಬಿನ ಗೋಡೆಯಿಂದ ಇಳಿದು ನಮ್ಮ ಜೇಬಿಗೆ ಬಂದಿದೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಸಿನಿಮಾ ರಸಗ್ರಹಣವನ್ನು ಪಾಠ ಮಾಡುವವರು ಕಥಾಸಾರ ಬರೆಸುವುದನ್ನು ಒಂದು ವಾರ ನಿಲ್ಲಿಸಲಿ. ಒಂದು ಕ್ಯಾಮೆರಾ ತಂದು, ಆಟೋ ತೆಗೆದು, ತರಗತಿಯ ಅತಿ ಕಪ್ಪು ಮುಖಕ್ಕೆ ಮೊದಲು ಬೆಳಕು ಅಳೆಯಲು ಹೇಳಲಿ, ಆಮೇಲೆ ಗೋಡೆಗೆ. ಟ್ರೈಪಾಡಿನ ಎತ್ತರ ಎಷ್ಟಿರಬೇಕು ಎಂದು ಕೂತವರನ್ನೇ ಕೇಳಲಿ. ದಲಿತ ವಿಮರ್ಶೆಯೂ ಚಿತ್ರವೊಂದನ್ನು ನೋಡಿ ಎದ್ದಾಗ ‘ಕಥೆ ಯಾರದು’ ಎಂಬುದರ ಜೊತೆಗೆ ‘ಅಳತೆ ಯಾರದು’ ಎಂದೂ ಕೇಳಲಿ. ಪಸ್ತಾಪುರದ ಹೆಂಗಸರು ಆ ಪ್ರಶ್ನೆ ಕೇಳಿ ಕಾಲು ಶತಮಾನ ದಾಟಿದೆ. ಓದಿದ ನಾವು ಇನ್ನೂ ತಡಮಾಡುವುದು ಚೆನ್ನಲ್ಲ.