ಇಳಿಯುವ ಹೊತ್ತಿನ ಗಾಳಿ: ಲ್ಯುಬ್ಲಿಯಾನಾ ಬಲೂನ್ ದುರಂತದ ಮರುಪರಿಶೀಲನೆ

2012ರ ಆಗಸ್ಟ್ 23ರ ಬೆಳಿಗ್ಗೆ, ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದ ದಕ್ಷಿಣಕ್ಕಿರುವ ಜೌಗು ಬಯಲಿನಲ್ಲಿ 32 ಜನರನ್ನು ಹೊತ್ತ ಬಿಸಿಗಾಳಿ ಬಲೂನೊಂದು ಇಳಿಯುವ ಯತ್ನದಲ್ಲಿ ನೆಲಕ್ಕಪ್ಪಳಿಸಿ ಬೆಂಕಿಗೆ ತುತ್ತಾಯಿತು. ಆರು ಮಂದಿ ಪ್ರಾಣ ಕಳೆದುಕೊಂಡರು. ಗುಡುಗುಮಳೆ ಸಮೀಪಿಸುತ್ತಿದ್ದಾಗ ಗಾಳಿ ಹಠಾತ್ತನೆ ಬದಲಾಯಿತೆಂಬುದು ಅಂದು ಕೇಳಿಬಂದ ವಿವರಣೆ. ಅದು ಸರಿಯೇ. ಆದರೆ ಗಾಳಿಯ ಮೇಲೆ ಹೊಣೆ ಹೊರಿಸಿ ಅಲ್ಲಿಗೇ ನಿಲ್ಲುವ ವಿವರಣೆಯಿಂದ ಮುಂದಿನ ಅಪಘಾತವನ್ನು ತಡೆಯಲಾಗದು. ಬದಲಾದ ಗಾಳಿ ಎಷ್ಟು ಮಾರಕವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬಲೂನಿನ ಗಾತ್ರ ಮತ್ತು ಅದು ನೆಲ ಬಿಡುವ ಮೊದಲೇ ಆದ ನಿರ್ಧಾರ ಎಂಬುದು ಈ ಲೇಖನದ ವಾದ.

ಹಾರುತ್ತಿರುವ ಬಲೂನಿನಲ್ಲಿ ಗಾಳಿಯೇ ಇರುವುದಿಲ್ಲ. ಸುತ್ತಲಿನ ಗಾಳಿಯ ವೇಗದಲ್ಲೇ ಅದು ಸಾಗುವುದರಿಂದ ಬುಟ್ಟಿಯಲ್ಲಿ ನಿಂತವರ ಸೆರಗೂ ಅಲುಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೂ ಪ್ರಯಾಣಿಕರಿಗೆ ನಿಂತಲ್ಲೇ ನಿಂತಂತೆ ಅನ್ನಿಸುತ್ತದೆ. ಗಾಳಿ ಶಕ್ತಿಯಾಗಿ ಎದುರಾಗುವುದು ಬುಟ್ಟಿಯ ತಳ ನೆಲಕ್ಕೆ ತಾಗಿದ ಕ್ಷಣದಲ್ಲಿ. ಹೀಗಾಗಿ ಅನುಭವಿ ಪೈಲಟ್‌ಗಳು ಹಾರಾಟದುದ್ದಕ್ಕೂ ಕೆಳಗಿನ ಗಾಳಿಯನ್ನು ಓದುತ್ತಲೇ ಇರುತ್ತಾರೆ. ಹೊರಡುವ ಮುನ್ನ ಪುಟ್ಟ ಹೀಲಿಯಂ ಬಲೂನೊಂದನ್ನು ಬಿಟ್ಟು ಅದು ಎತ್ತೆತ್ತ ವಾಲುತ್ತದೆಂದು ನೋಡುತ್ತಾರೆ. ಮೇಲೆ ಹೋದ ಮೇಲೆ ಹೊಗೆ, ಕೆರೆಯ ಅಲೆ, ಮರದ ತುದಿಗಳನ್ನು ಗಮನಿಸುತ್ತಾರೆ. ಬುಟ್ಟಿಯ ಅಂಚಿನಿಂದ ಶೇವಿಂಗ್ ನೊರೆ ಉದುರಿಸಿ ಅದು ಯಾವ ಎತ್ತರದಲ್ಲಿ ಯಾವ ಕಡೆಗೆ ತಿರುಗಿತೆಂದು ಕಣ್ಣಿಡುವವರೂ ಉಂಟು. ಬಲೂನಿಗೆ ಚುಕ್ಕಾಣಿಯಿಲ್ಲ. ಏರಿಳಿದು ಬೇರೆ ಬೇರೆ ಪದರದ ಗಾಳಿಯನ್ನು ಆರಿಸಿಕೊಳ್ಳುವುದೊಂದೇ ಪೈಲಟ್‌ನ ಕೈಯಲ್ಲಿರುವುದು.

ಗುಡುಗುಮಳೆ ಈ ಪದರಗಳ ಲೆಕ್ಕವನ್ನೇ ಕೆಡಿಸುತ್ತದೆ. ಮೋಡದಿಂದ ಬೀಳುವ ಹನಿಗಳು ದಾರಿಯಲ್ಲಿ ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಣ್ಣಗಾಗಿಸುತ್ತವೆ. ಭಾರವಾದ ಆ ತಂಪು ಗಾಳಿ ಧುಮ್ಮಿಕ್ಕಿ, ನೆಲಕ್ಕೆ ಬಡಿದು, ಮಳೆಗಿಂತ ಎಷ್ಟೋ ಕಿಲೋಮೀಟರ್ ಮುಂದೆ ಹರಡಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮಲ್ಲಿ ಮಳೆಗೆ ಮೊದಲೇ ಧೂಳೆಬ್ಬಿಸಿಕೊಂಡು ಬಂದು ಬಾಗಿಲು ಬಡಿಯುವ ತಣ್ಣನೆಯ ಗಾಳಿ ಇದೇ. ಮೇಲೆ ಹಳೆಯ ಗಾಳಿ ಒಂದು ದಿಕ್ಕಿಗೆ ಹರಿಯುತ್ತಿರುವಾಗಲೇ ನೆಲದ ಮಟ್ಟದಲ್ಲಿ ಹೊಸ ಗಾಳಿ ಬೇರೆ ದಿಕ್ಕಿನಿಂದ ನುಗ್ಗಬಹುದು. ಇಳಿಯುತ್ತಿರುವ ಬಲೂನ್ ಈ ಎರಡರ ಗಡಿಯನ್ನು ದಾಟಲೇಬೇಕು. ದಾಟುವಾಗ ಅದರ ಜಡತ್ವ ಹಳೆಯ ವೇಗವನ್ನೇ ಹಿಡಿದಿರುತ್ತದೆ. ಆಗ ಹೊಸ ಗಾಳಿ ಹೊದಿಕೆಯ ಪಕ್ಕವನ್ನು ಒಳಕ್ಕೆ ಅದುಮಿ ಬಿಸಿಗಾಳಿಯನ್ನು ಬಾಯಿಂದ ಹೊರದಬ್ಬಬಹುದು, ಬರ್ನರ್‌ನ ಜ್ವಾಲೆಯನ್ನು ಬಟ್ಟೆಯತ್ತ ಬಾಗಿಸಬಹುದು. ಏರುವ ಬಲ ಕುಸಿಯುವ ಆ ಹೊತ್ತಿಗೇ ಬರ್ನರ್ ಅತ್ಯಂತ ಅಗತ್ಯವಾಗಿರುತ್ತದೆ.

ಈಗ ಗಾತ್ರದ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ಬಲೂನೆಂದರೆ ಹಗುರವಾದದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೂವತ್ತು ಜನರನ್ನು ಎತ್ತಬಲ್ಲ ಬಲೂನಿಗೆ ಸುಮಾರು 15,000 ಘನ ಮೀಟರ್ ಹೊದಿಕೆ ಬೇಕೆಂದು ಇಟ್ಟುಕೊಳ್ಳೋಣ. ಹೊರಗಿನ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗಿದರೆ, ಒಳಗಿನ ಕಾದ ಗಾಳಿ ಒಂದು ಕಿಲೋಗ್ರಾಮಿಗೆ ತುಸು ಕಡಿಮೆ. ಈ ಅಲ್ಪ ವ್ಯತ್ಯಾಸವೇ ಮೂರೂವರೆ ಟನ್ನಿನಷ್ಟು ಹೊರೆಯನ್ನು ಎತ್ತುತ್ತದೆ. ಹಾಗೆ ಎತ್ತುವಾಗ ಹೊದಿಕೆಯೊಳಗೆ ಸುಮಾರು 14 ಟನ್ ಗಾಳಿಯೂ ಜೊತೆಯಲ್ಲಿ ಚಲಿಸುತ್ತಿರುತ್ತದೆ. ತೇಲುವಾಗ ತೂಕವಿಲ್ಲದ ಈ ರಾಶಿ ನಿಲ್ಲಿಸಲು ಹೋದಾಗ ತನ್ನ ಇರವನ್ನು ತೋರಿಸುತ್ತದೆ. ವೇಗ 15 ನಾಟ್‌ನಿಂದ 30ಕ್ಕೆ ಏರಿದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಜೊತೆಗೆ, ಪೈಲಟ್ ಹಗ್ಗ ಎಳೆದು ನೆತ್ತಿಯ ಕವಾಟ ತೆರೆದರೂ ಅಷ್ಟು ಗಾಳಿ ಕ್ಷಣಾರ್ಧದಲ್ಲಿ ಬರಿದಾಗದು. ಅಷ್ಟರವರೆಗೂ ಹೊದಿಕೆ ಹಾಯಿಯಾಗಿ ಬುಟ್ಟಿಯನ್ನು ಎಳೆಯುತ್ತಲೇ ಇರುತ್ತದೆ. ಪುಟ್ಟ ಬಲೂನು ಒಂದು ಹೊಲದಲ್ಲಿ ನಿಂತುಬಿಡುವ ಗಾಳಿಯಲ್ಲಿ ದೊಡ್ಡದು ಬದುವನ್ನೂ ಬೇಲಿಯನ್ನೂ ದಾಟಿ ಹೋಗಬಹುದು.

ಬೆಂಕಿಯ ಅಪಾಯವೂ ಇಲ್ಲಿಗೇ ಸೇರುತ್ತದೆ. ಎಡ್ ಯೋಸ್ಟ್ 1960ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಪ್ರೊಪೇನ್ ಬರ್ನರ್‌ನ ಬಲೂನ್ ಹಾರಿಸಿದಂದಿನಿಂದ ಇಂಧನ ಪ್ರಯಾಣಿಕರ ಪಕ್ಕದಲ್ಲೇ ಸಿಲಿಂಡರುಗಳಲ್ಲಿದೆ. ನೆಲ ಮುಟ್ಟುವ ಮುಂಚೆ ಜ್ವಾಲೆ ಆರಿಸಿ, ಇಂಧನದ ಕವಾಟ ಮುಚ್ಚುವುದು ಬಿರುಸಿನ ಇಳಿತದ ಪದ್ಧತಿ. ಕೊನೆಯ ಕ್ಷಣದವರೆಗೂ ಬರ್ನರ್ ಬೇಕಾಗುವಂತೆ ಗಾಳಿ ಮಾಡಿದರೆ ಆ ಪದ್ಧತಿಗೆ ಸಮಯವೇ ಸಿಗುವುದಿಲ್ಲ. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ 19 ಜನರನ್ನು ಬಲಿ ತೆಗೆದುಕೊಂಡ ದುರಂತಕ್ಕೆ ಗಾಳಿ ಕಾರಣವಲ್ಲ, ಆದರೆ ಇಳಿಯುವ ಹೊತ್ತಿನಲ್ಲಿ ಹೊತ್ತಿದ ಇಂಧನ ಎಷ್ಟು ಬೇಗ ಎಲ್ಲವನ್ನೂ ನುಂಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಅದೇ ಲಕ್ಸರ್‌ನಲ್ಲಿ 2018ರ ಜನವರಿಯಲ್ಲಿ ಗಾಳಿ ದಾರಿ ತಪ್ಪಿಸಿದ ಬಲೂನೊಂದು ಬಿದ್ದು ಪ್ರವಾಸಿಯೊಬ್ಬರು ಸತ್ತರು.

ಲ್ಯುಬ್ಲಿಯಾನಾದ ಬಯಲು ಸುಮಾರು 160 ಚದರ ಕಿಲೋಮೀಟರಿನಷ್ಟು ಚಪ್ಪಟೆಯಾದ ಹುಲ್ಲುಗಾವಲು. ಇಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಂಥ ಕಡೆ, ಬಲೂನಿಗೆ ಪ್ರಶಸ್ತವೆನಿಸಿದ ಬೆಳಗಿನ ಹೊತ್ತಿನಲ್ಲೇ ಈ ದುರಂತ ನಡೆಯಿತು. ಗುಡುಗುಮಳೆಯ ಮುಂದೆ ಒಳ್ಳೆಯ ಮೈದಾನವೂ ಒಳ್ಳೆಯ ಸಮಯವೂ ರಕ್ಷಣೆಯಾಗಲಿಲ್ಲ ಎಂದೇ ಇದನ್ನು ಓದಬೇಕು. ಮಳೆಮೋಡ ರೇಡಾರಿನಲ್ಲಿ ಮುಂಚಿತವಾಗಿ ಕಾಣುತ್ತದೆ. ಅದರ ತಂಪು ಗಾಳಿ ಇಳಿಯುವ ಬಯಲನ್ನು ಯಾವ ನಿಮಿಷಕ್ಕೆ ಮುಟ್ಟುತ್ತದೆಂದು ಮಾತ್ರ ಖಚಿತವಾಗಿ ಹೇಳಲಾಗದು. ಖಚಿತವಾಗಿ ಹೇಳಲಾಗದ ದಿನ ಹಾರದಿರುವುದೇ ಸರಿ.

ಪರವಾನಗಿ ಕೊಡುವ ಸಂಸ್ಥೆಗಳು ದೊಡ್ಡ ಬಲೂನುಗಳಿಗೆ ಅವುಗಳ ಒಟ್ಟು ರಾಶಿಗೆ ತಕ್ಕಂತೆ ಬಿಗಿಯಾದ ಗಾಳಿಯ ಮಿತಿಯನ್ನು ವಿಧಿಸಬೇಕು. ಹವಾಮಾನದ ಕಾರಣಕ್ಕೆ ಹಾರಾಟ ರದ್ದಾದರೆ ಪ್ರಯಾಣಿಕರ ಪೂರ್ತಿ ಹಣ ಮರಳುವಂತೆ ನಿಯಮವಿರಬೇಕು. ಮೂವತ್ತು ಟಿಕೆಟ್ಟುಗಳ ಲೆಕ್ಕ ತಲೆಯ ಮೇಲಿರುವಾಗ ‘ಇವತ್ತು ಬೇಡ’ ಎನ್ನುವುದು ಪೈಲಟ್‌ಗೆ ಸುಲಭವಲ್ಲ. ಪ್ರವಾಸಕ್ಕೆ ಹೋದ ಓದುಗರಿಗೆ ಅಂಥ ಮಾತು ಕೇಳುವ ಸಂದರ್ಭ ಬಂದರೆ, ದಯವಿಟ್ಟು ತಕರಾರು ತೆಗೆಯದೆ ಒಪ್ಪಿಕೊಳ್ಳಿ.