ಕಲಬುರ್ಗಿಗೆ ಬಾರದ ಕವಿ

ಪಾರಸಿಯ ಅನುಭಾವಿ ಕವಿ ಹಾಫಿಜ್ ನಮ್ಮ ಕಲಬುರ್ಗಿಗೆ ಬರಬೇಕಾಗಿತ್ತು. 1378ರಲ್ಲಿ ಪಟ್ಟವೇರಿದ ಬಹಮನಿ ಸುಲ್ತಾನ ಎರಡನೆಯ ಮಹಮ್ಮದನ ಪರವಾಗಿ ಮೀರ್ ಫಜಲುಲ್ಲಾ ಇಂಜು ಶಿರಾಜಿಗೆ ದಾರಿಯ ಖರ್ಚನ್ನೂ ಕಳುಹಿದನು. ಕವಿ ಅದರಲ್ಲಿ ಸೋದರಿಯ ಮಕ್ಕಳಿಗಿಷ್ಟು, ಸಾಲಗಾರರಿಗಿಷ್ಟು ಕೊಟ್ಟನು. ಉಳಿದುದನ್ನು ಕಳ್ಳರ ಕೈಗೆ ಸಿಕ್ಕು ಸುಲಿಗೆಯಾಗಿದ್ದ ಗೆಳೆಯನಿಗಿತ್ತು ಬರಿಗೈಯಾದನು. ವರ್ತಕರ ನೆರವಿನಿಂದ ಹೊರ್ಮುಜಿನಲ್ಲಿ ಹಡಗು ಹತ್ತಿದನು. ಬಿರುಗಾಳಿ ಎದ್ದಿತು. ಏನೋ ನೆಪ ಹೇಳಿ ಇಳಿದವನು ಮರಳಲಿಲ್ಲ. ಗಜಲೊಂದನ್ನು ಮಾತ್ರ ಕಳುಹಿದನು. ಸುಲ್ತಾನನು ಮುನಿಯಲಿಲ್ಲ, ಉಡುಗೊರೆ ಕಳುಹಿದನು!

ಇದನ್ನು ಬರೆದಿಟ್ಟವನು ಎರಡು ಶತಮಾನಗಳ ಅನಂತರ ಬಿಜಾಪುರದಲ್ಲಿದ್ದ ಫಿರಿಷ್ತಾ. ಕಥೆಗೆ ಬಣ್ಣ ಕೊಂಚ ಏರಿರಬಹುದು. ಆದರೂ ಕಲಬುರ್ಗಿ, ಬಿಜಾಪುರಗಳ ಆಸ್ಥಾನಗಳು ಹಾಫಿಜನ ನುಡಿಯಲ್ಲೇ ವ್ಯವಹರಿಸಿದವು. ಆ ನುಡಿಯ ಜಮೀನು, ಬಾಜಾರುಗಳು ಇಂದು ರಾಮದುರ್ಗದ ಸಾಲಹಳ್ಳಿಯಲ್ಲಿಯೂ ಅಚ್ಚಗನ್ನಡದಂತೆಯೇ ಬಳಕೆಯಲ್ಲಿವೆ.