ಜೈಲು ಕಂಡವರ ತಕರಾರು

ಮಹಾವೀರ ತ್ಯಾಗಿ ಎಂದರೆ ಬಹಳ ಜನಕ್ಕೆ ನೆನಪಾಗುವುದು ಒಂದು ಬೋಳುತಲೆಯ ಪ್ರಸಂಗ. ಚೀನಾ ಹಿಡಿದುಕೊಂಡ ಅಕ್ಸಾಯ್ ಚಿನ್ ಮಾತು ಬಂದಾಗ ಅಲ್ಲಿ ಒಂದು ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ ಎಂದು ನೆಹರೂ ಹೇಳಿದರಂತೆ. ತ್ಯಾಗಿ ತಮ್ಮ ತಲೆ ತೋರಿಸಿ, ಇಲ್ಲೂ ಏನೂ ಬೆಳೆಯುವುದಿಲ್ಲ, ಹಾಗಂತ ಇದನ್ನೂ ಕೊಟ್ಟುಬಿಡಬೇಕೇ ಎಂದರಂತೆ. ಬಾಯಿಂದ ಬಾಯಿಗೆ ಹೋಗುತ್ತಾ ಆ ಬೋಳುತಲೆ ಕೆಲವೊಮ್ಮೆ ನೆಹರೂ ಅವರದೇ ಆಗುತ್ತದೆ, ಮಾತು ಇನ್ನೊಬ್ಬ ಸಂಸದ ಕೃಪಲಾನಿಯವರ ಪಾಲಾಗುತ್ತದೆ. ಹೀಗೆ ವೇಷ ಬದಲಿಸುವ ಕಥೆಯ ಬೆನ್ನು ಹತ್ತುವ ಬದಲು, ಆ ಮನುಷ್ಯ ಸದನದಲ್ಲಿ ಎದ್ದು ನಿಂತು ಆಡಿದ, ಸರ್ಕಾರವೇ ಅಚ್ಚು ಹಾಕಿಸಿದ ಮಾತುಗಳನ್ನು ಓದೋಣ ಎಂದು ಹೊರಟೆ. ನ್ಯಾಯ, ದೇಶದ ಭದ್ರತೆ, ಒಳ್ಳೆಯ ಆಡಳಿತ ಈ ಮೂರೂ ಒಬ್ಬ ಹಳ್ಳಿಗಾಡಿನ ಜನಪ್ರತಿನಿಧಿಯ ತಲೆಯಲ್ಲಿ ಹೇಗೆ ಒಟ್ಟಿಗೆ ಇದ್ದವು ಎಂಬುದು ನನ್ನ ಪ್ರಶ್ನೆ.

ಹಳ್ಳಿಗಾಡಿನ ಎಂದದ್ದು ಸುಮ್ಮನೆ ಅಲ್ಲ. 1952ರ ಮೊದಲ ಚುನಾವಣೆಯ ದಾಖಲೆಯಲ್ಲಿ ಅವರ ಲೋಕಸಭಾ ಕ್ಷೇತ್ರದ ಹೆಸರೇ ಒಂದು ಸಾಲು ತುಂಬುತ್ತದೆ: ಡೆಹ್ರಾಡೂನ್ ಜಿಲ್ಲೆ, ಜೊತೆಗೆ ಬಿಜ್ನೋರ್ ಜಿಲ್ಲೆಯ ವಾಯವ್ಯ ಭಾಗ, ಜೊತೆಗೆ ಸಹಾರನ್‌ಪುರ ಜಿಲ್ಲೆಯ ಪಶ್ಚಿಮ ಭಾಗ. ಒಂದು ಕಡೆ ಹಿಮಾಲಯದ ತಪ್ಪಲು, ಇನ್ನೊಂದು ಕಡೆ ಪಶ್ಚಿಮ ಉತ್ತರ ಪ್ರದೇಶದ ಕಬ್ಬಿನ ಸೀಮೆ. 1899ರಲ್ಲಿ ಹುಟ್ಟಿದ ತ್ಯಾಗಿ ಬ್ರಿಟಿಷರ ಸೇನೆಯಲ್ಲಿ ಸಿಪಾಯಿಯಾಗಿದ್ದು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಸೇನೆ ಬಿಟ್ಟು, ಗಾಂಧೀಜಿಯ ಹಿಂದೆ ಹೊರಟವರು. ಆಮೇಲೆ ಜೈಲು ಅವರಿಗೆ ಹೊಸದಾಗಿ ಉಳಿಯಲಿಲ್ಲ.

ಸಂವಿಧಾನ ಸಭೆಯ ಚರ್ಚೆಗಳಲ್ಲಿ ಅವರ ಹೆಸರು ಎಲ್ಲೆಲ್ಲೂ ಇದೆ. ‘ಶ್ರೀ ಮಹಾವೀರ ತ್ಯಾಗಿ, ಸಂಯುಕ್ತ ಪ್ರಾಂತ, ಸಾಮಾನ್ಯ’ ಎಂದು ಕಂಸದ ಸಮೇತ ಅಚ್ಚಾದ ಕಡೆ ಹೆಚ್ಚಾಗಿ ಅವರದು ಪೂರ್ತಿ ಭಾಷಣ. ಬರೀ ಹೆಸರಿದ್ದರೆ ಬಹುಮಟ್ಟಿಗೆ ಬೇರೆಯವರ ಮಾತಿನ ನಡುವೆ ಹಾಕಿದ ಬಾಯಿ. ಈ ಎರಡನೆಯ ಬಗೆಯ ಮಾತುಗಳನ್ನು ವಿಷಯಸೂಚಿ ನಂಬಿ ಹುಡುಕಿದರೆ ಸಿಗುವುದಿಲ್ಲ. ಪುಟ ಪುಟವೇ ಓದಬೇಕು. ಹಾಗೆ ಓದುತ್ತಾ ಹೋದವನನ್ನು ಹಿಡಿದು ನಿಲ್ಲಿಸಿದ್ದು ಒಂಬತ್ತನೆಯ ಸಂಪುಟದ, 1949ರ ಸೆಪ್ಟೆಂಬರ್ 15 ಮತ್ತು 16ರ ಕಲಾಪ.

ಅಂದು ಮುಂದಿದ್ದದ್ದು 15ಎ ಎಂಬ ಹೊಸ ಅನುಚ್ಛೇದ, ಇಂದಿನ ಸಂವಿಧಾನದ 22ನೆಯದು. ಅದರ ಮೊದಲರ್ಧ ಪ್ರಜೆಯ ಪರ: ಹಿಡಿದವರಿಗೆ ಕಾರಣ ಹೇಳಬೇಕು, ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಉಳಿದರ್ಧ ಸರ್ಕಾರದ ಪರ. ಮುನ್ನೆಚ್ಚರಿಕೆಯ ಬಂಧನವಾದರೆ ಈ ರಕ್ಷಣೆಗಳು ಇಲ್ಲ. ಅಪರಾಧ ಮಾಡದಿದ್ದರೂ ಮಾಡಿಯಾರು ಎಂಬ ಅನುಮಾನದ ಮೇಲೆ ಮೂರು ತಿಂಗಳು ಒಳಗೆ ಇಡಬಹುದು. ಅದಕ್ಕಿಂತ ಹೆಚ್ಚು ಇಡಬೇಕಾದರೆ ಮಾತ್ರ ಸಲಹಾ ಮಂಡಳಿಯ ಒಪ್ಪಿಗೆ ಬೇಕು.

ಕರಡು ಸಮಿತಿಯನ್ನು ಖಳನಾಗಿ ನೋಡುವುದು ಅನ್ಯಾಯ. ಜೀವ ಮತ್ತು ಸ್ವಾತಂತ್ರ್ಯದ ಅನುಚ್ಛೇದವನ್ನು ಸಭೆ ಮೊದಲೇ ಸಡಿಲ ಮಾಡಿತ್ತು. ಅದರಿಂದ ಆದ ನಷ್ಟವನ್ನು ಒಂದಿಷ್ಟಾದರೂ ತುಂಬಿಕೊಡಲು ಇದನ್ನು ತಂದಿದ್ದೇನೆ ಎಂದೇ ಅಂಬೇಡ್ಕರ್ ಹೇಳಿದ್ದರು. ದೇಶ ಇದ್ದ ಸ್ಥಿತಿಯಲ್ಲಿ ಸಾರ್ವಜನಿಕ ಶಾಂತಿಯನ್ನೋ ರಕ್ಷಣಾ ಪಡೆಗಳನ್ನೋ ಕೆಡಿಸುವವರನ್ನು ತಡೆದಿಡುವ ಅಧಿಕಾರ ಬೇಕಾಗುತ್ತದೆ ಎಂಬುದು ಅವರ ವಾದ. ವಿಭಜನೆಯ ರಕ್ತ ಆರದ ಆ ದಿನಗಳಲ್ಲಿ ಅದು ಪೊಳ್ಳು ವಾದವೇನೂ ಅಲ್ಲ.

ತ್ಯಾಗಿ ಎದ್ದದ್ದು ಬೇರೆಯೇ ನೆಲೆಯಿಂದ. ಡಾ. ಅಂಬೇಡ್ಕರ್ ಕ್ಷಮಿಸಬೇಕು, ಅವರೂ ಕರಡು ಸಮಿತಿಯ ಉಳಿದ ಸದಸ್ಯರೂ ಆ ಸಮಿತಿಗೆ ಬರುವ ಮುಂಚೆ ಜೈಲಿನಲ್ಲಿ ಬಂಧನದ ಅನುಭವ ಪಡೆದಿದ್ದರೆ ಚೆನ್ನಾಗಿತ್ತು ಎಂದರು. ಇನ್ನು ಮುಂದೆ ಆ ಅನುಭವ ಪಡೆಯಲು ಪ್ರಯತ್ನಿಸುತ್ತೇನೆ ಎಂದು ಅಂಬೇಡ್ಕರ್ ಕೂತಲ್ಲಿಂದಲೇ ಉತ್ತರ ಕೊಟ್ಟರು. ಬ್ರಿಟಿಷ್ ಸರ್ಕಾರ ನಿಮಗೆ ಕೊಡದ ಆ ಭಾಗ್ಯವನ್ನು ನೀವೇ ಕೈಯಾರೆ ಬರೆಯುತ್ತಿರುವ ಸಂವಿಧಾನ ನಿಮ್ಮ ಜೀವಮಾನದಲ್ಲೇ ಕೊಡುತ್ತದೆ, ಭರವಸೆ ಇರಲಿ ಎಂದರು ತ್ಯಾಗಿ. ಮೂಲಭೂತ ಹಕ್ಕುಗಳ ಅಧ್ಯಾಯವನ್ನು ಹಳೆಯ ಸರ್ಕಾರದ ಭಾರತ ರಕ್ಷಣಾ ನಿಯಮಗಳಿಗಿಂತ ಕೆಟ್ಟ ದಂಡ ಸಂಹಿತೆಯಾಗಿ ಮಾಡುತ್ತಿದ್ದೀರಿ ಎಂದೂ ಹೇಳಿದರು. ನಾಳೆ ಬೇರೆ ಪಕ್ಷ ಬಂದರೆ ಇದೇ ಅಸ್ತ್ರ ನಮ್ಮ ಮೇಲೆ ತಿರುಗುತ್ತದೆ ಎಂಬುದೂ ಆ ಭಾಷಣದಲ್ಲಿದೆ. ಆಳುವ ಕಾಂಗ್ರೆಸ್ಸಿನವರು ತಮ್ಮದೇ ಪಕ್ಷದ ಗೆಲುವಿನ ಹೊತ್ತಿನಲ್ಲಿ ಹೀಗೆ ಮಾತಾಡಿದ್ದು ದೊಡ್ಡದು ಎಂದೇ ನನ್ನ ಭಾವನೆ.

ಈ ಮಾತು ಪುಸ್ತಕದಿಂದ ಬಂದದ್ದಲ್ಲ. 1921ರಲ್ಲಿ ಬುಲಂದ್‌ಶಹರ್‌ನಲ್ಲಿ ಅವರ ವಿಚಾರಣೆ ನಡೆದಾಗ ಮ್ಯಾಜಿಸ್ಟ್ರೇಟ್ ತುಂಬಿದ ಕೋರ್ಟಿನಲ್ಲೇ ಅವರ ಕಪಾಳಕ್ಕೆ ಹೊಡೆಸಿದ. ಗಾಂಧೀಜಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದರು. ನ್ಯಾಯ ಕೊಡಬೇಕಾದ ಪೀಠದ ಎದುರೇ ಏಟು ತಿಂದವರಿಗೆ, ಅಧಿಕಾರಿಯ ಅನುಮಾನ ಒಂದೇ ಸಾಕು ಎನ್ನುವ ಕಾನೂನು ಹಳ್ಳಿಯ ಠಾಣೆಗೆ ತಲುಪುವ ಹೊತ್ತಿಗೆ ಏನಾಗುತ್ತದೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾದರೆ ದೇಶದ ಭದ್ರತೆಯ ವಿಷಯದಲ್ಲಿ ಮೆತ್ತಗಿನ ಆಸಾಮಿಯೇ? ದಾಖಲೆ ನೇರ ಉಲ್ಟಾ ಹೇಳುತ್ತದೆ. 1953ರಿಂದ ಅವರು ರಕ್ಷಣಾ ಸಂಘಟನೆಯ ಸಚಿವರಾಗಿದ್ದರು. ಪಾಕಿಸ್ತಾನದ ಜೊತೆಗಿನ 1965ರ ಯುದ್ಧದಲ್ಲಿ ನಮ್ಮ ಸೇನೆ ಆಗಸ್ಟ್ ಕೊನೆಯಲ್ಲಿ ಹಾಜಿ ಪೀರ್ ಕಣಿವೆದಾರಿಯನ್ನು ಗೆದ್ದಿತ್ತು. 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದ ಪ್ರಕಾರ ಅದನ್ನು ಬಿಟ್ಟುಕೊಡಬೇಕಾಯಿತು. ಪುನರ್ವಸತಿ ಸಚಿವರಾಗಿದ್ದ ತ್ಯಾಗಿ ಅದನ್ನು ಒಪ್ಪದೆ ಮಂತ್ರಿಗಿರಿ ಬಿಟ್ಟು ಹೊರಬಂದರು. ಗಡಿಯಲ್ಲಿ ಸೈನಿಕ ಗೆದ್ದ ನೆಲದ ಬಗ್ಗೆ ಇಷ್ಟು ಬಿಗಿ, ಊರೊಳಗಿನ ಪ್ರಜೆಯನ್ನು ವಿಚಾರಣೆ ಇಲ್ಲದೆ ಕೂಡಿಹಾಕುವುದರ ಬಗ್ಗೆ ಅಷ್ಟೇ ಬಿಗಿ. ಭದ್ರತೆಯ ಹೆಸರಲ್ಲಿ ಸ್ವಾತಂತ್ರ್ಯ ಬಿಡಿ ಎನ್ನುವವರ ಎದುರು ನಾನು ಇಡುವುದು ಈ ಎರಡು ಪುಟಗಳನ್ನು ಒಟ್ಟಿಗೆ.

ಆಡಳಿತದ ವಿಷಯ ಬೇಗ ಹೇಳಿ ಮುಗಿಸಬಹುದು. ಕಂದಾಯ ಮತ್ತು ವೆಚ್ಚದ ಸಚಿವರಾಗಿದ್ದಾಗ ಬಚ್ಚಿಟ್ಟ ಆದಾಯವನ್ನು ತಾವಾಗಿ ಘೋಷಿಸಿ ಎಂದು 1951ರಲ್ಲಿ ತಂದ ಯೋಜನೆಗೆ ಜನ ಅವರದೇ ಹೆಸರಿಟ್ಟರು. ಹೊರಬಂದದ್ದು ಸುಮಾರು 70 ಕೋಟಿ ರೂಪಾಯಿ ಆದಾಯ, ಸಿಕ್ಕ ತೆರಿಗೆ 11 ಕೋಟಿಯ ಹತ್ತಿರ. ಮುಂದೆ ನೇರ ತೆರಿಗೆ ಆಡಳಿತದ ವಿಚಾರಣಾ ಸಮಿತಿಗೂ, ಐದನೆಯ ಹಣಕಾಸು ಆಯೋಗಕ್ಕೂ ಅವರೇ ಅಧ್ಯಕ್ಷರು.

ನನ್ನನ್ನು ಬಿಡದೆ ಎಳೆದದ್ದು ಮಾತ್ರ ಆ 22ನೆಯ ಅನುಚ್ಛೇದದ ಜಾಡು. ಸಂವಿಧಾನ ಜಾರಿಗೆ ಬಂದು ತಿಂಗಳಾಗುವಷ್ಟರಲ್ಲಿ, 1950ರ ಫೆಬ್ರವರಿಯಲ್ಲೇ, ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಎ. ಕೆ. ಗೋಪಾಲನ್ ಪ್ರಕರಣದಲ್ಲಿ ಅದನ್ನು ಬಹುಪಾಲು ಎತ್ತಿಹಿಡಿಯಿತು. 1971ರಲ್ಲಿ ಆಂತರಿಕ ಭದ್ರತೆಯ ಹೆಸರಿನ ಅಂಥದೇ ಕಾಯ್ದೆ, ಮಿಸಾ. ತುರ್ತು ಪರಿಸ್ಥಿತಿ ಬಂದ 1975ರ ಜೂನ್‌ನಲ್ಲಿ ಜಾಡು ನಮ್ಮ ಬೆಂಗಳೂರಿಗೇ ಬಂದು ಮುಟ್ಟುತ್ತದೆ. ಸಂಸದೀಯ ಸಮಿತಿಯ ಸಭೆಗೆಂದು ಇಲ್ಲಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಅದು ಫ್ರೀಡಂ ಪಾರ್ಕ್. ಹೀಗೆ ಒಳಗೆ ಹೋದವರ ಅರ್ಜಿಗಳನ್ನು ಕೇಳುವ ಅಧಿಕಾರ ತಮಗಿದೆ ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಎಲ್ಲ ತೀರ್ಪುಗಳನ್ನು ತಳ್ಳಿಹಾಕಿತು. ದೆಹಲಿಯಲ್ಲಿ ಒಳಗೆ ಹೋದವರಲ್ಲಿ ಆಳುವ ಕಾಂಗ್ರೆಸ್ಸಿನವರೇ ಆದ ಚಂದ್ರಶೇಖರ್ ಕೂಡ ಇದ್ದರು. 1949ರಲ್ಲಿ ತ್ಯಾಗಿ ಎಚ್ಚರಿಸಿದ್ದು ನಾಳಿನ ಬೇರೆ ಪಕ್ಷದ ಬಗ್ಗೆ. ಬೇರೆ ಪಕ್ಷ ಬರುವ ತನಕವೂ ಕಾಯಬೇಕಾಗಲಿಲ್ಲ.

ಜೈಲಿನಿಂದ ಹೊರಬಂದವರು ಸರ್ಕಾರ ಮಾಡಿ 1978ರಲ್ಲಿ 44ನೆಯ ತಿದ್ದುಪಡಿ ತಂದರು. ಅದರ ಮೂರನೆಯ ಪ್ರಕರಣ 22ನೆಯ ಅನುಚ್ಛೇದವನ್ನೇ ತಿದ್ದುತ್ತದೆ. ಮೂರು ತಿಂಗಳ ಬದಲು ಎರಡು ತಿಂಗಳು. ಸಲಹಾ ಮಂಡಳಿಗೆ ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಅಧ್ಯಕ್ಷರು, ಮಂಡಳಿಯ ರಚನೆ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ. ತ್ಯಾಗಿಯವರ ತಕರಾರಿಗೆ ಕೊನೆಗೂ ಸಿಕ್ಕ ಉತ್ತರ ಎಂದುಕೊಂಡು ಸಂವಿಧಾನದ ಇತ್ತೀಚಿನ ಸರ್ಕಾರಿ ಪ್ರತಿ ತೆಗೆದೆ. 22ನೆಯ ಅನುಚ್ಛೇದದಲ್ಲಿ ‘ಮೂರು ತಿಂಗಳು’ ಎಂದೇ ಇದೆ. ಕೆಳಗೆ ಸಣ್ಣಕ್ಷರದ ಅಡಿಟಿಪ್ಪಣಿ: ಆ ತಿದ್ದುಪಡಿಯ ಮೂರನೆಯ ಪ್ರಕರಣ ಜಾರಿಗೆ ಬಂದಾಗ ಈ ಅನುಚ್ಛೇದ ಬದಲಾಗುತ್ತದೆ, ಪಾಠಕ್ಕೆ ಅನುಬಂಧ ನೋಡಿ.

ತಿದ್ದುಪಡಿಯ ಉಳಿದ ಪ್ರಕರಣಗಳು 1979ರಲ್ಲಿ ಜಾರಿಯಾದವು. ಈ ಮೂರನೆಯದನ್ನು ಮಾತ್ರ ತಂದವರೇ ಜಾರಿ ಮಾಡಲಿಲ್ಲ, ಆಮೇಲೆ ಬಂದ ಯಾವ ಪಕ್ಷವೂ ಮಾಡಲಿಲ್ಲ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆ ಹಳೆಯ ಪಾಠದ ಮೇಲೆಯೇ ನಿಂತಿದೆ. 1981ರ ಡಿಸೆಂಬರ್‌ನಲ್ಲಿ ಎ. ಕೆ. ರಾಯ್ ಪ್ರಕರಣದಲ್ಲಿ ಜಾರಿ ಮಾಡಿ ಎಂದು ಸರ್ಕಾರಕ್ಕೆ ಆಜ್ಞೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದಿನಾಂಕ ಗೊತ್ತು ಮಾಡುವುದನ್ನು ಸಂಸತ್ತು ಕೇಂದ್ರ ಸರ್ಕಾರಕ್ಕೆ ಬಿಟ್ಟಿದೆ ಎಂದಿತು. ತ್ಯಾಗಿ ತೀರಿಕೊಂಡದ್ದು ಅದಕ್ಕೆ ಮುಂಚಿನ ವರ್ಷ. ಆ ಮೂರನೆಯ ಪ್ರಕರಣ ಜಾರಿಗೆ ಬರಲು ಹೊಸ ಮಸೂದೆ ಬೇಕಿಲ್ಲ, ಸದನದಲ್ಲಿ ಮತ ಬೇಕಿಲ್ಲ. ಗೆಜೆಟ್‌ನಲ್ಲಿ ಒಂದು ದಿನಾಂಕ ಬರೆದು ಪ್ರಕಟಿಸಿದರೆ ಸಾಕು.